ಕುಣಿಗಲ್ಲಿನ ದೇವರಮನೆಯ ಜರ್ಮನ್ ಪದಕಗಳು

ನಿವೃತ್ತಿಯಾಗುವವರೆಗೂ ನಾನು ಹಿರೇಹಳ್ಳಿಯ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿದ್ದೆ. ಯಂತ್ರ ಕೂರಿಸಲು ಬಂದಿದ್ದ ಜರ್ಮನ್ ಇಂಜಿನಿಯರ್ ಒಬ್ಬರು ಒಂದು ಮಧ್ಯಾಹ್ನ ತಮ್ಮ ತಾತನ ಯುದ್ಧದ ಪದಕವನ್ನು ನನ್ನ ಕೈಗಿಟ್ಟು, ಇದನ್ನು ಹೇಗೆ ಮಾಡಿದ್ದಾರೆ ಹೇಳಿ ಎಂದರು. ನನಗೆ ಹೇಳಲಾಗಲಿಲ್ಲ. ಅವರೇ ತೋರಿಸಿದರು. ನಡುವೆ ಕಪ್ಪು ಬಳಿದ ಕಬ್ಬಿಣದ ಶಿಲುಬೆ, ಸುತ್ತ ಬೆಳ್ಳಿಯ ಅಂಚು, ಅಂಚಿನಲ್ಲಿ ಸಣ್ಣ ಬೆಸುಗೆ. ನಕಲಿಗಳು ಸಾಮಾನ್ಯವಾಗಿ ಒಂದೇ ಎರಕ. ಊರಿಗೆ ಹೋದ ಮೇಲೆ ಪದಕಗಳ ಬಗೆಗಿನ ಪುಸ್ತಕಗಳನ್ನೂ ಕಳಿಸಿದರು. ತುಮಕೂರಿನ ಮನೆಯಲ್ಲಿ ಸ್ನಾನ, ಪೂಜೆ, ತಿಂಡಿ ಮುಗಿಸಿ ಇವತ್ತಿಗೂ ನಾನು ಹಳೆಯ ಪದಕಗಳನ್ನು ಪರೀಕ್ಷಿಸುತ್ತಾ ಮೇಜಿನ ಮುಂದೆ ಕೂರುವುದು ಅವರ ದಯೆಯಿಂದ. ನಿವೃತ್ತರಾದ ಎಷ್ಟೋ ಜನರಿಗೆ ಬೆಳಗ್ಗೆ ಎದ್ದರೆ ಕೂರಲು ಒಂದು ಮೇಜಿರುವುದಿಲ್ಲ.

ಈ ಹವ್ಯಾಸ ಗೊತ್ತಿದ್ದ ನನ್ನ ಮಗಳ ಅತ್ತೆ, ಗುಬ್ಬಿಯ ಬೀಗಿತ್ತಿ, ಹೋದ ವರ್ಷ ಫೋನ್ ಮಾಡಿದರು.

“ಬೀಗರೇ, ನಮ್ಮಪ್ಪ ಸುಳ್ಳು ಹೇಳಿದ್ರೋ ಇಲ್ವೋ, ನೀವು ನೋಡಿ ಹೇಳ್ಬೇಕು.”

ವಿಷಯ ಇಷ್ಟು. ಅವರ ತವರು ಕುಣಿಗಲ್ಲು. ಅವರ ತಾತ ಮೈಸೂರಿನ ಕುದುರೆ ಪಡೆಯ ಜೊತೆ ಮೊದಲನೇ ಮಹಾಯುದ್ಧಕ್ಕೆ ಹೋಗಿ ಬಂದವರು. ಬಂದವರು ಮತ್ತೆ ಊರು ಬಿಡಲಿಲ್ಲ. ಅಪ್ಪ ಎರಡನೇ ಯುದ್ಧಕ್ಕೆ ಅಡಿಗೆಯವರಾಗಿ ಹೋಗಿದ್ದರು. ಮನೆಯಲ್ಲಿ ಒಂದೇ ಪಟ್ಟಿಗೆ ಹೊಲಿದ ಎರಡು ಜರ್ಮನ್ ಪದಕಗಳಿದ್ದವು. ಸೆರೆ ಸಿಕ್ಕಿದ್ದ ಮುದಿ ಜರ್ಮನ್ ಅಧಿಕಾರಿಯೊಬ್ಬ, ಎರಡು ಸೌಟು ಹೆಚ್ಚಿಗೆ ಬಡಿಸುತ್ತಿದ್ದುದಕ್ಕೆ, ತನಗೇ ಕೊಟ್ಟ ಎಂದು ಅಪ್ಪ ಹೇಳುತ್ತಿದ್ದರು. “ಸೌಟು ಹಿಡಿದವನಿಗೆ ಯಾರ್ಲಾ ಪದಕ ಕೊಡ್ತಾರೆ?” ಎಂದು ದಾಯಾದಿಗಳು ನಕ್ಕರು. ತಾತ ರಣರಂಗದಿಂದ ತಂದದ್ದೆಂದು ತೀರ್ಮಾನವಾಗಿ, ಪದಕಗಳು ದೇವರಮನೆಯಲ್ಲಿ ತಾತನ ಫೋಟೊ ಕೆಳಗೆ ಕೂತವು. ಅಪ್ಪ ಆಮೇಲೆ ಆ ಮಾತೇ ಎತ್ತಲಿಲ್ಲವಂತೆ.

ನಾನು ಅಯಸ್ಕಾಂತ, ಭೂತಗನ್ನಡಿ, ಅಂಗಡಿಯವರು ಕಳ್ಳನೋಟು ಹಿಡಿಯುವ ನೀಲಿ ಲೈಟು ಚೀಲಕ್ಕೆ ಹಾಕಿಕೊಂಡು ಬೀಗಿತ್ತಿಯೊಡನೆ ಕುಣಿಗಲ್ಲಿಗೆ ಹೋದೆ. ಮನೆ ಈಗ ಅವರ ತಮ್ಮನದು. ಅವರಿಗೂ ಎಪ್ಪತ್ತರ ಹತ್ತಿರ.

“ನೋಡಿ ಬೀಗರೇ, ಚೆನ್ನಾಗಿ ನೋಡಿ. ನಮ್ಮಕ್ಕನಿಗೆ ತಾತನ ಮೇಲೆ ಯಾವತ್ತೂ ಹೊಟ್ಟೆಕಿಚ್ಚು.”

“ಸತ್ತವರ ಮೇಲೆ ಎಂಥಾ ಹೊಟ್ಟೆಕಿಚ್ಚೋ? ಸುಮ್ನಿರು.”

ಪದಕಗಳಲ್ಲಿ ಒಂದು, ಇಂಜಿನಿಯರ್ ತೋರಿಸಿದ್ದಂಥದೇ ಶಿಲುಬೆ. ಆದರೆ ಎರಡೂ ಹೊಸ ಚಮಚದ ಹಾಗೆ ಫಳಫಳ ಹೊಳೆಯುತ್ತಿದ್ದವು. ಶಿಲುಬೆಯ ಮೇಲೆ ಕಪ್ಪು ಬಣ್ಣ ಇಲ್ಲವೇ ಇಲ್ಲ. ಬಾಗಿಲು ಮುಚ್ಚಿ ಕತ್ತಲೆ ಮಾಡಿ ನೀಲಿ ಲೈಟು ಬಿಟ್ಟರೆ, ಪಟ್ಟಿಯ ರಿಬ್ಬನ್ನು ಬೆಳ್ಳಗೆ ಹೊಳೆಯಿತು. ಹಳೆಯ ಕಾಲದ ಹತ್ತಿಯಾಗಲಿ ರೇಷ್ಮೆಯಾಗಲಿ ಹಾಗೆ ಹೊಳೆಯುವುದಿಲ್ಲ, ಈಚಿನ ಬಟ್ಟೆ ಹೊಳೆಯುತ್ತದೆ. ಈಚಿನ ನಕಲಿ ಎಂದರೆ ತಾತ ತಂದದ್ದೂ ಅಲ್ಲ, ಅಪ್ಪ ತಂದದ್ದೂ ಅಲ್ಲ. ಹೆಣ್ಣು ಕೊಟ್ಟ ಬೀಗರ ಮುಂದೆ ಅದನ್ನು ಹೇಗೆ ಹೇಳಲಿ?

ಕಾರ್ಖಾನೆಯಲ್ಲಿ ಒಂದು ಪಾಠ ಕಲಿತಿದ್ದೆ. ಮಾಲು ತಿರಸ್ಕರಿಸುವ ಮುಂಚೆ ಅದು ಯಾರ ಕೈ ದಾಟಿ ಬಂತು ಅಂತ ಕೇಳಬೇಕು.

“ಇದಕ್ಕೆ ಏನಾದ್ರೂ ಹಚ್ತೀರಾ?”

“ಹಚ್ಚೋದೇನು, ಆಯುಧಪೂಜೆಗೆ ದೀಪದ ಕಂಬದ ಜೊತೆ ಹುಣಸೆಹಣ್ಣು ಹಾಕಿ ಉಜ್ತೀವಿ,” ಎಂದರು ಬೀಗಿತ್ತಿಯ ತಮ್ಮ.

“ಬಟ್ಟೆ?”

“ಸೋಪಿನ ಪುಡೀಲಿ ನೆನೆಹಾಕಿ ಒಗೀತೀವಿ. ಹಬ್ಬಕ್ಕೆ ಕೊಳೆ ಬಟ್ಟೆ ಇಡಕ್ಕಾಗುತ್ತಾ ದೇವರ ಮುಂದೆ?”

ನನಗೆ ಜೀವ ಬಂದಂತಾಯಿತು. ಸೋಪಿನ ಪುಡಿಯಲ್ಲಿ ಬಿಳುಪಿಗೆ ಹಾಕುವ ರಾಸಾಯನಿಕವೂ ಅದೇ ರೀತಿ ಹೊಳೆಯುತ್ತದೆ. ಪಟ್ಟಿಯ ಹಿಂದೆ ಹೊಲಿದ ದಪ್ಪ ಬಟ್ಟೆಯನ್ನು ತುಸುವೇ ಎತ್ತಿ, ನೀರು ಸರಿಯಾಗಿ ಇಳಿಯದ ರಿಬ್ಬನ್ನಿನ ಮಡಿಕೆಯೊಳಗೆ ಬೆಳಕು ಬಿಟ್ಟೆ. ಅಲ್ಲಿ ಕತ್ತಲೆ. ಹೊಲಿಗೆಯ ದಾರವೂ ಹಳೆಯದು, ಎಲ್ಲೂ ಬಿಚ್ಚಿ ಮತ್ತೆ ಹೊಲಿದ ತೂತುಗಳಿಲ್ಲ. ಅಯಸ್ಕಾಂತ ಶಿಲುಬೆಯ ನಡುವನ್ನು ಹಿಡಿಯಿತು, ಬೆಳ್ಳಿಯ ಅಂಚನ್ನು ಹಿಡಿಯಲಿಲ್ಲ. ಬೆಸುಗೆಯ ಗೆರೆ ಇತ್ತು. ನಕಲಿಯಲ್ಲ.

“ಅಸಲಿ,” ಎಂದೆ.

ಬೀಗಿತ್ತಿಯ ತಮ್ಮ ಎರಡನೇ ಪದಕದ ಮೇಲೆ ಬೆರಳಿಟ್ಟರು. ಎಲೆಮಾಲೆಯ ನಡುವೆ ಇಸವಿ ಕೆತ್ತಿತ್ತು: 1914, 1918.

“ಸರಿ ಹೋಯ್ತಲ್ಲ. ಮೊದಲನೇ ಯುದ್ಧ. ತಾತಂದೇ. ಇನ್ನೇನಕ್ಕಾ?”

ಬೀಗಿತ್ತಿ ಸೆರಗಿನಲ್ಲಿ ಕನ್ನಡಕ ಒರೆಸಿಕೊಳ್ಳತೊಡಗಿದರು.

ನಾನು ಪುಸ್ತಕದ ಪುಟ ತೆರೆದು ಇಬ್ಬರ ಮುಂದೂ ಇಟ್ಟೆ. ಆ ಪದಕ ಮೊದಲನೇ ಯುದ್ಧದಲ್ಲಿ ಹೋರಾಡಿದವರಿಗೇ ಹೌದು. ಆದರೆ ಜರ್ಮನಿಯವರು ಅದನ್ನು ಕೊಡಲು ಶುರುಮಾಡಿದ್ದು 1934ರಲ್ಲಿ, ಯುದ್ಧ ಮುಗಿದು ಹದಿನಾರು ವರ್ಷವಾದ ಮೇಲೆ. ತಾತ ರಣರಂಗದಲ್ಲಿದ್ದಾಗ ಲೋಕದಲ್ಲಿ ಆ ಪದಕವೇ ಇರಲಿಲ್ಲ. ಎರಡೂ ಪದಕ ಒಂದೇ ದಾರದಲ್ಲಿ ಹೊಲಿದಿರುವುದರಿಂದ ಪಟ್ಟಿಯೂ ಆಮೇಲಿನದೇ.

“ತಾತ ತಂದಿರೋಕೆ ಸಾಧ್ಯವಿಲ್ಲ. ಅಷ್ಟು ಮಾತ್ರ ನಾನು ಹೇಳಬಲ್ಲೆ,” ಎಂದೆ. “ಆಮೇಲೆ ಈ ಮನೆಯಿಂದ ಸಮುದ್ರ ದಾಟಿದವರು ಯಾರು?”

ಬೀಗಿತ್ತಿ ಕನ್ನಡಕ ಹಾಕಿಕೊಂಡು ಅಡಿಗೆಮನೆಯ ಬಾಗಿಲ ಕಡೆ ನೋಡಿದರು.

ಬೀಗಿತ್ತಿಯ ತಮ್ಮ ಎದ್ದರು. ಅಪ್ಪನ ಫೋಟೊ ಅಡಿಗೆಮನೆಯ ಬಾಗಿಲ ಮೇಲೆ, ಹೊಗೆ ಹಿಡಿದು ನೇತಾಡುತ್ತಿತ್ತು. ಅದನ್ನು ಇಳಿಸಿ, ಪಂಚೆಯ ತುದಿಯಿಂದ ಒರೆಸಿ, ದೇವರಮನೆಗೆ ತಂದು ತಾತನ ಪಕ್ಕದಲ್ಲಿಟ್ಟರು.

“ಗೆದ್ದೆ ಬುಡು,” ಎಂದರು ಅಕ್ಕನಿಗೆ. “ಎರಡು ಸೌಟು ಸಾರಿಗೆ ಕೊಟ್ಟ ಅಂದಾಗ ನಾನೂ ನಗ್ತಿದ್ದೆ ಕಣಕ್ಕಾ.”

“ನಕ್ರೆ ಅಪ್ಪನೂ ನಗ್ತಿತ್ತು. ಬಾ, ಬೀಗರಿಗೆ ಎಲೆ ಹಾಕು.”

ನನ್ನ ಊಟದ ಹೊತ್ತು ಎಂದೋ ಮೀರಿತ್ತು. ಹೊತ್ತು ತಪ್ಪಿದರೆ ಸಿಡುಕುವ ನಾನು ಅಂದು ಎರಡನೇ ಸಲ ಸಾರು ಹಾಕಿಸಿಕೊಂಡೆ. ತಾತನ ಹೆಮ್ಮೆ ಕಳೆದುಕೊಂಡ ಆ ಮನುಷ್ಯ ಮುನಿಸಿಲ್ಲದೆ ಬಡಿಸಿದ್ದನ್ನು, ತವರಿನ ಮಾತನ್ನು ಬೀಗಿತ್ತಿ ನನ್ನ ಕೈಗೆ ಒಪ್ಪಿಸಿದ್ದನ್ನು ನಾನು ಮರೆಯಲಾರೆ. ಹೊರಡುವಾಗ, ಇನ್ನು ಮೇಲೆ ಹುಣಸೆಹಣ್ಣು, ಸೋಪು ಎರಡೂ ಬೇಡ ಎಂದು ಗಟ್ಟಿಯಾಗಿ ಹೇಳಿ ಬಂದೆ.

ಈ ಸಲದ ಆಯುಧಪೂಜೆಯ ಬೆಳಗ್ಗೆ ಕುಣಿಗಲ್ಲಿನಿಂದ ಫೋನು ಬಂತು.

“ಉಜ್ಜಿಲ್ಲ ಬೀಗರೇ, ಒಗ್ದೂ ಇಲ್ಲ. ಅಪ್ಪನ ಮುಂದೆ ಇಟ್ಟು ಹೂವಷ್ಟೇ ಹಾಕಿದೀವಿ. ಪಕ್ಕದಲ್ಲಿ ನಮ್ಮಕ್ಕ ಒಂದು ಸೌಟನ್ನೂ ಇಟ್ಟವ್ಳೆ. ಅದನ್ನ ಉಜ್ಜಬಹುದು ತಾನೇ?”