ದೊಡ್ಡಮ್ಮ ಮುಟ್ಟಿ ಹೇಳಿದ ಒಂಬತ್ತು ಬಟ್ಟೆ

ಕೈಗುಣ, ಬಾಯಿಗುಣ ಅಂತ ಯಾರಾದರೂ ಮಾತು ಶುರುಮಾಡಿದರೆ ನಾನು ಎದ್ದು ಹೋಗುತ್ತಿದ್ದೆ. ಅಳತೆಗೆ ಸಿಗದ್ದನ್ನು ನಂಬುವ ಜಾಯಮಾನ ನನ್ನದಲ್ಲ. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ಎದ್ದು ಹೋಗುವುದಿಲ್ಲ.

ಆಗ ನಾನು ಬಟ್ಟೆಗಳ ಮೇಲೆ ಸಂಶೋಧನೆ ಮಾಡುತ್ತಿದ್ದೆ. ಪಾಲಿಯೆಸ್ಟರ್ ಹತ್ತಿ ಬೆರೆತ ಬಟ್ಟೆ ಬೆವರನ್ನು ಚೆನ್ನಾಗಿ ಹೀರುವುದಿಲ್ಲ. ಅದರ ಮೇಲೆ ಗಾಮಾ ಕಿರಣ ಹಾಯಿಸಿದರೆ ಹದಕ್ಕೆ ಬರುತ್ತದೆಯೇ, ಎಷ್ಟು ಹೆಚ್ಚಾದರೆ ನೂಲು ಸೋಲುತ್ತದೆ ಎಂದು ನೋಡುವುದು ನನ್ನ ಕೆಲಸ. ಒಂದೇ ಬಟ್ಟೆಯ ಒಂಬತ್ತು ತುಂಡು. ಒಂದನ್ನು ಹಾಗೇ ಬಿಟ್ಟು, ಉಳಿದವಕ್ಕೆ ಒಂದಕ್ಕಿಂತ ಒಂದಕ್ಕೆ ಹೆಚ್ಚು ಕಿರಣ ಕೊಡಿಸಿದ್ದೆ. ಮೂಲೆಯಲ್ಲಿ ಇಂಕಿನಿಂದ ಬರೆದ ಅಂಕಿ ಬಿಟ್ಟರೆ ಕಣ್ಣಿಗೆ ಎಲ್ಲವೂ ಒಂದೇ.

ಅಂಚು ಹೊಲಿಯಲೆಂದು ಅವನ್ನು ಕಂದಿಕೆರೆಯ ಮನೆಗೆ ತಂದಿದ್ದೆ. ಬೆಳಿಗ್ಗೆ ಎದ್ದರೆ ಅತ್ತಿಗೆ, "ಮಸಿ ಆಗಿತ್ತು ಕಣೇ, ತಿಕ್ಕಿ ತಿಕ್ಕಿ ಒಗ್ದೆ" ಎಂದು ಹೆಮ್ಮೆಯಿಂದ ತೆಂಗಿನ ಮರಗಳ ನಡುವಿನ ತಂತಿ ತೋರಿಸಿದಳು. ಒಂಬತ್ತೂ ಬೆಳ್ಳಗೆ ಹಾರಾಡುತ್ತಿದ್ದವು. ಒಂದು ವರ್ಷದ ಕೆಲಸ! ಒಂದೊಂದರ ಮೂಲೆ ಹಿಡಿದು ನೋಡಿದೆ, ಅಂಕಿಯೇ ಇಲ್ಲ; ಇನ್ನು ಯಾವುದು ಯಾವುದೆಂದು ಹೇಗೆ ಹೇಳಲಿ ಎಂದು ಬಿಕ್ಕಿದೆ.

ಜಗಲಿಯಲ್ಲಿದ್ದ ದೊಡ್ಡಮ್ಮನಿಗೆ ನನ್ನ ಬಿಕ್ಕು ಕೇಳಿಸಿತು. ಜೀವಮಾನವೆಲ್ಲ ಕಂಬಳಿಗೆ ಉಣ್ಣೆ ನೂತವಳು. ಕಣ್ಣು ಹೋಗಿ ಎಷ್ಟೋ ವರ್ಷವಾಗಿತ್ತು. "ಅಳಬ್ಯಾಡ, ತತ್ತಾ ಇಲ್ಲಿ" ಎಂದು ಬಟ್ಟೆಗಳನ್ನು ಮಡಿಲಿಗೆ ಹಾಕಿಸಿಕೊಂಡಳು. ಕಿರಣದ ವಿಷಯ ಅವಳಿಗೆ ನಾನು ಹೇಳಿಯೇ ಇರಲಿಲ್ಲ.

"ಇದು ಬಿಸ್ಲೇ ಕಂಡಿಲ್ಲ. ಇದು ವಸಿ ಕಂಡೈತೆ" ಎನ್ನುತ್ತ ಒಂದರ ಪಕ್ಕ ಒಂದು ಇಡುತ್ತಾ ಹೋದಳು. ಆರನೆಯದನ್ನು ಸವರಿ ನಕ್ಕಳು. "ಇದ್ಕೆ ಎಲ್ಡು ಸಲ ಬಿಸ್ಲು ತೋರ್ಸಿದ್ದೀಯ."

"ಇಲ್ಲ ದೊಡ್ಡಮ್ಮ, ಎಲ್ಲಕ್ಕೂ ಒಂದೇ ಸಲ."

"ಬುಡು, ನಿಂಗೊತ್ತಿಲ್ಲ."

ಅವಳಿಟ್ಟ ಸಾಲಿನಂತೆಯೇ ದಾರ ಕಟ್ಟಿ ಗುರುತು ಮಾಡಿ ಲ್ಯಾಬಿಗೆ ಒಯ್ದೆ. ಒಂದೊಂದರಿಂದ ಪಟ್ಟಿ ಕತ್ತರಿಸಿ ಎಳೆದು ಹರಿದು ನೋಡಿದೆವು, ನೀರು ಹೀರಿಸಿ ನೋಡಿದೆವು. ಒಂದೂ ತಪ್ಪಿರಲಿಲ್ಲ. ಕಿರಣ ಹಾಯಿಸಿದ ಕೇಂದ್ರಕ್ಕೆ ಫೋನ್ ಮಾಡಿದೆ. ಅಲ್ಲಿನವರು ಪುಸ್ತಕ ತಿರುವಿ, "ಹೌದು ಮೇಡಂ, ಆರನೇದು ಹಾಕಿದಾಗ ಮಧ್ಯೆ ಮಿಷನ್ ನಿಂತಿತ್ತು. ಉಳಿದಿದ್ದನ್ನ ಮಾರನೇ ದಿನ ಕೊಟ್ವಿ" ಅಂದರು. ನಾನು ಫೋನ್ ಹಿಡಿದುಕೊಂಡೇ ಹುಚ್ಚಿಯಂತೆ ನಕ್ಕೆ.

ಆ ವಾರವೇ ಊರಿಗೆ ಹೋಗಿ ದೊಡ್ಡಮ್ಮನನ್ನು ಅಪ್ಪಿಕೊಂಡೆ. ಅತ್ತಿಗೆ, "ನಾನು ಒಗೀದಿದ್ರೆ ಇದೆಲ್ಲ ಗೊತ್ತಾಗ್ತಿತ್ತಾ?" ಎಂದು ಹೋಳಿಗೆ ಮಾಡಿದಳು.

ಸೋತ ನೂಲು ಬೆರಳಿಗೆ ತಿಳಿದೀತು, ಸರಿ. ಒಂದೇ ಸಲವೋ, ಎರಡು ಸಲವೋ ಎಂಬುದು ಹೇಗೆ ತಿಳಿಯಿತು? ನಮ್ಮ ಯಂತ್ರಗಳೇ ಹೇಳಲಿಲ್ಲ. ಆ ಆರನೇ ತುಂಡು ಇಂದಿಗೂ ನನ್ನ ಬಳಿ ಇದೆ. ಆಗಾಗ ಕಣ್ಣು ಮುಚ್ಚಿ ಸವರುತ್ತೇನೆ. ನನಗೆ ಬರೀ ಬಟ್ಟೆ ಸಿಗುತ್ತದೆ.