ಮುತ್ತಿನ ಎಳೆಗಳ ಹಿಂದಿನ ಮುಖ

ಸದಾಶಿವ ಪೇಠದ ವಾಡೆಯೊಂದರ ಮೆಟ್ಟಿಲ ಕೆಳಗಿನ ಕತ್ತಲೆಗೆ ಸ್ಟುಡಿಯೋ ಎಂದು ಹೆಸರಿಟ್ಟು, ಜಮಖಂಡಿಯ ಸಂಕಪ್ಪನವರು ಇಪ್ಪತ್ತು ವರ್ಷ ಪುಣೆಯ ಗದ್ದಗಳನ್ನು ಎಡಕ್ಕೂ ಬಲಕ್ಕೂ ತಿರುಗಿಸಿದ್ದರು. ಎದುರು ಕೂತವನು ನ್ಯಾಯಾಧೀಶನೇ ಆಗಿರಲಿ, ಉಸಿರಾಡಲು ಅವರ ಅಪ್ಪಣೆ ಬೇಕು. “ಕಣ್ಣು ಚೊಕ್ಕ ಬಂದ್ರ ಮನಷ್ಯಾ ಬಂದಂಗ್ರಿ. ಉಳದದ್ದೆಲ್ಲಾ ಬರೇ ಅರಿವಿ-ಬಟ್ಟಿ” ಎಂಬುದು ಅವರ ಸಿದ್ಧಾಂತ.

ತೊಂಬತ್ತಾರನೇ ಇಸವಿಯ ಸುಮಾರಿಗೆ ಆ ಕಣ್ಣುಗಳೇ ಅವರಿಗೆ ಸಿಗದಾದವು. ಪರದೆ ಕಾಣುತ್ತಿತ್ತು, ಕುರ್ಚಿಯ ಕಾಲು ಕಾಣುತ್ತಿತ್ತು, ನಡುವಿನ ಮುಖ ಮಾತ್ರ ಹೊಗೆ. ಯಾರಿಗೂ ಹೇಳಲಿಲ್ಲ. ಫೋಟೋದವನಿಗೆ ಕಣ್ಣು ಮಂದವೆಂದು ಪೇಠಕ್ಕೆ ತಿಳಿದರೆ ಪಾಸ್‌ಪೋರ್ಟ್ ಸೈಜಿನ ಗಿರಾಕಿಯೂ ಬರುವುದಿಲ್ಲ. ಬದಲಿಗೆ ತಾನಾಗಿ ಫೋಕಸ್ ಮಾಡುವ ಕ್ಯಾಮೆರಾ ತಂದು, “ಜಮಾನಾ ಬದಲಾತು, ನಾವೂ ಬದಲಾಗಬೇಕು” ಎಂದು ಸಾರಿದರು. ಗುಂಡಿ ಅರ್ಧ ಒತ್ತಿದರೆ, ಫೋಕಸ್ ಸಿಕ್ಕಿತೆಂದು ಅದು ‘ಪೀಪ್’ ಎನ್ನುತ್ತಿತ್ತು. ಆ ಸದ್ದನ್ನೇ ಅವರು ಕಣ್ಣು ಮಾಡಿಕೊಂಡರು.

ಮರುವರ್ಷ ಮಗಳು ಮಾಧುರಿಯ ಮದುವೆ, ನಿಗಡಿಯ ಹುಡುಗನ ಜೊತೆ. ಹೆಂಡತಿ ಕಾಶವ್ವ ಹೇಳಿ ನೋಡಿದರು: “ಅವತ್ತರೆ ಬ್ಯಾರೆ ಯಾರಿಗರೆ ಹೇಳ್ರಿ. ಧಾರಿ ಎರಿಯವ್ರೂ ನೀವೇ, ಫೋಟೋ ತಗಿಯವ್ರೂ ನೀವೇ?”

“ನನ್ನ ಮಗಳ ಮಾರಿಗಿ ಮತ್ತೊಬ್ಬನ ಕ್ಯಾಮೆರಾ? ಪೇಠದ ಮಂದಿ ನಕ್ಕಾರು!”

ಪುಣೆಯಲ್ಲೇ ಬೇರುಬಿಟ್ಟ ಬೀಗರು ಮದುಮಗಳಿಗೆ ಮುಂಡಾವಳಿ ಕಟ್ಟಿಸಿದ್ದರು: ಹಣೆಗೆ ಬಿಗಿದು ಮುಖದ ಮುಂದೆ ಇಳಿಬಿಡುವ ಮುತ್ತಿನ ಎಳೆಗಳು. ಸಂಕಪ್ಪನವರು ಭಟ್ಟರನ್ನು ಮೊಣಕೈಯಿಂದ ಸರಿಸಿ, ಮಂತ್ರವನ್ನೇ ನಿಲ್ಲಿಸಿ ನಿಂತರು. “ಮಾರಿ ಮ್ಯಾಲೆತ್ತವಾ.” ಪೀಪ್. “ಹಂಗೇ ಇರು.” ಪೀಪ್. ರೀಲಿನ ಮೇಲೆ ರೀಲು ಮುಗಿಯಿತು.

ಪ್ರಿಂಟು ಬಂದ ದಿನ ಎಲ್ಲವನ್ನೂ ಮಂಚದ ಮೇಲೆ ಹರವಿದರು. “ನೋಡು, ಕೆತ್ತಿದಂಗ ಬಂದಾವು!”

ಕಾಶವ್ವ ಒಂದೊಂದನ್ನೇ ಎತ್ತಿ ನೋಡಿ, ಮತ್ತೆ ಮಂಚದ ಮೇಲಿಟ್ಟರು.

“ಯಾಕ, ಬಾಯಿ ಬಿದ್ದು ಹೋತೇನು?”

“ಮುತ್ತು ಎಣಸೂವಂಗ ಬಂದಾವ್ರಿ. ಹುಡುಗಿ ಮಾರಿನೇ ಇಲ್ಲ.”

“ಚಷ್ಮಾ ಹಾಕ್ಕೊಂಡು ನೋಡು.”

“ಹಾಕ್ಕೊಂಡೀನ್ರಿ.”

ಕ್ಯಾಮೆರಾ ಮುಂದೆ ಸಿಕ್ಕ ಮುತ್ತನ್ನು ಹಿಡಿದುಕೊಂಡು, ಹಿಂದಿನ ಮುಖವನ್ನು ಬಿಟ್ಟುಬಿಟ್ಟಿತ್ತು. ಎಲ್ಲ ಫೋಟೋಗಳಲ್ಲೂ ಅದೇ ಕಥೆ. ಕಾಶವ್ವ ಒಂದನ್ನು ಎತ್ತಿ ಗಂಡನ ಕೈಗಿಟ್ಟರು. “ಇದರಾಗ ಆಕಿ ನಗಾಕತ್ತಾಳೋ ಅಳಾಕತ್ತಾಳೋ, ನೀವೇ ಹೇಳ್ರಿ.”

ಸಂಕಪ್ಪನವರು ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದರು, ದೂರ ಮಾಡಿದರು, ಹತ್ತಿರ ತಂದರು. ಕೊನೆಗೆ ಅದನ್ನು ಮಗುಚಿ ಮಂಚದ ಮೇಲಿಟ್ಟರು. ತಮ್ಮ ಮದುವೆಯಾದಂದಿನಿಂದ ಮೊದಲ ಸಲ ಕಾಶವ್ವ ಅವರ ಕೈ ಹಿಡಿದು ರಸ್ತೆ ದಾಟಿಸಿ, ಕಣ್ಣಿನ ಡಾಕ್ಟರರ ಬಳಿ ಕರೆದೊಯ್ದರು. ನೋಟದ ನಡುಭಾಗ ಹೋಗಿದೆ, ಅಂಚು ಮಾತ್ರ ಉಳಿಯುತ್ತದೆ, ಇದು ಚಷ್ಮಾಕ್ಕೂ ಬಗ್ಗುವುದಿಲ್ಲ, ಆಪರೇಷನ್ನಿಗೂ ಬಗ್ಗುವುದಿಲ್ಲ ಎಂದರು ಡಾಕ್ಟರರು, ಮರಾಠಿಯಲ್ಲಿ, ಬಹಳ ಮರ್ಯಾದೆಯಿಂದ.

ಬಿಚ್ಚಿದ ಮುಂಡಾವಳಿಯನ್ನು ಮತ್ತೆ ಕಟ್ಟುವ ಪದ್ಧತಿಯಿಲ್ಲ. ದೀಪಾವಳಿಗೆ ತವರಿಗೆ ಬಂದ ಮಾಧುರಿ ಮದುವೆಯ ಸೀರೆಯನ್ನಷ್ಟೇ ಉಟ್ಟು, ಸ್ಟುಡಿಯೋದಲ್ಲಿ ಅಪ್ಪನ ಎದುರು ಕೂತಳು.

“ಈಗ ಅಡ್ಡ ಏನೂ ಇಲ್ಲಪಾ. ತಗಿ.”

ಸಂಕಪ್ಪನವರು ಕ್ಯಾಮೆರಾ ಎತ್ತಿದರು, ಇಳಿಸಿದರು. ಮಗಳ ಮುಖವನ್ನು ಉಳಿದ ಆ ಅಂಚಿಗೆ ತಂದುಕೊಳ್ಳಲು ಕತ್ತನ್ನು ಸ್ವಲ್ಪ ಸ್ವಲ್ಪವಾಗಿ ಹೊರಳಿಸಿದರು.

“ಅಪ್ಪಾ, ಎತ್ತ ನೋಡಾಕತ್ತಿ?”

“ನಿನ್ನನ್ನೇ ನೋಡಾಕತ್ತೀನವಾ,” ಎಂದರು ಗೋಡೆಯ ಕಡೆ ಮುಖ ಮಾಡಿ.