ಮೌನೇಶನ ಗಾಯಕ್ಕೆ ಕಾಲಂ ಇಲ್ಲ

ಕಳೆದ ತಿಂಗಳು ಸಿಂಧನೂರಿನ ಸಭೆಯೊಂದರಲ್ಲಿ ಹುಲಿಗೆಮ್ಮ ಎಂಬ ಹೆಣ್ಣುಮಗಳು ನನ್ನ ಕೈಯಿಂದ ಮೈಕ್ ಕಿತ್ತುಕೊಂಡಳು. ಆಯುಷ್ಯವಿಡೀ ಕಾಲೇಜಿನಲ್ಲಿ ಪಾಠ ಹೇಳಿದವನು ನಾನು. ಮೈಕ್ ಬಿಟ್ಟುಕೊಟ್ಟು ಅಭ್ಯಾಸವಿಲ್ಲ. ಅವತ್ತು ಬಿಟ್ಟೆ. (ಬಿಡದೆ ಏನು ಮಾಡುತ್ತಿದ್ದೆ?)

ಸಭೆ ನಡೆದದ್ದು ಆಕೆಯ ಗಂಡ ಮೌನೇಶನ ಸನ್ಮಾನಕ್ಕೆ. ನಮ್ಮ ಕಡೆಯದೇ ಒಂದು ಅಗ್ನಿಶಾಮಕ ಠಾಣೆಯಲ್ಲಿ ಆತ ಫೈರ್‌ಮನ್. ಗೊರೇಬಾಳದ ಹತ್ತಿರ ಭತ್ತದ ನಾಟಿಗೆ ಹೊರಟಿದ್ದ ಹೆಂಗಸರ ಆಟೊ ಕಾಲುವೆಗೆ ಉರುಳಿದಾಗ, ಸೊಂಟಕ್ಕೆ ಹಗ್ಗ ಬಿಗಿದುಕೊಂಡು ನೀರಿಗೆ ಹಾರಿದವನು. ಮೂವರನ್ನು ದಡಕ್ಕೆ ತಂದ. ನಾಲ್ಕನೆಯವಳು ಉಳಿಯಲಿಲ್ಲ.

ನಾನು ಹೊಗಳುತ್ತಿದ್ದೆ. ಧೀರ, ಶೂರ, ಇತ್ಯಾದಿ. ಹುಲಿಗೆಮ್ಮ ಎದ್ದು ಬಂದಳು.

“ಸಾಕ್ರಿ ಸರ, ಹೊಗಳಿದ್ದು. ಮೂರು ತಿಂಗಳಾತು, ಬಕೆಟ್ ತುಂಬೋ ಸಪ್ಪಳ ಕೇಳಿದ್ರ ಇವ್ರು ನಡಗಾಕತ್ತಾರ. ಮಗಳ ಕೈ ಹಿಡಿಯೋದು ಬಿಟ್ಟಾರ. ನಿಮ್ಮ ಹಾರ ಬ್ಯಾಡ. ಒಬ್ಬ ಡಾಕ್ಟರ್‌ಗೆ ತೋರಸ್ರಿ.”

ಸಭೆ ಚಪ್ಪಾಳೆ ತಟ್ಟಿತು. ಹೌದು, ಚಪ್ಪಾಳೆ! ಆಕೆ ಭಾಷಣ ಮಾಡಿದಳು ಅಂದುಕೊಂಡರೋ ಏನೋ. ಮೌನೇಶ ತಲೆ ಎತ್ತಲಿಲ್ಲ.

ಮರುದಿನವೇ ಮಸ್ಕಿಯಲ್ಲಿರುವ ಅವರ ಮನೆಗೆ ಹೋದೆ. ನಾಚಿಕೆ ಎಳೆದುಕೊಂಡು ಹೋಯಿತು ಎನ್ನಿ. ಮೌನೇಶ ಹೇಳಿದ: “ಆಕಿ ಕೈ ನನ್ನ ಕೈಯಾಗ ಇತ್ರಿ ಸರ. ಕೈಬಳಿ ಒಡದು ಕೈ ಜಾರಿತು. ಮಗಳ ಕೈ ಹಿಡದ್ರ ಅದ ನೆನಪಾಗ್ತದ.”

ರಜೆ ಕೇಳಲಿಲ್ಲವೇ ಅಂದೆ. ಕೇಳಿದ್ದನಂತೆ, ಸಿಕ್ಕಿರಲಿಲ್ಲ. ಮತ್ತೊಮ್ಮೆ ಕೇಳೋಣ ಎಂದು ಮೂವರೂ ಕಚೇರಿಗೆ ಹೋದೆವು. (ಯಾವ ಊರಿನ ಕಚೇರಿ ಎಂಬುದು ಬೇಡ; ಇಲ್ಲಿನ ಹೆಸರು, ಊರುಗಳನ್ನೂ ಬದಲಿಸಿದ್ದೇನೆ. ಮೌನೇಶ ಇನ್ನೂ ನೌಕರಿ ಮಾಡಬೇಕು.) ಗುಮಾಸ್ತರು ಫಾರ್ಮ್ ತೆಗೆದರು. ಕೈ, ಕಾಲು, ಕಣ್ಣು, ಸುಟ್ಟ ಗಾಯ.

“ಎಲ್ಲಿ ಪೆಟ್ಟಾಗ್ಯಾದ?”

“ಮನಸ್ಸಿಗೆ ರೀ,” ಅಂದಳು ಹುಲಿಗೆಮ್ಮ.

“ಅದಕ್ಕ ಕಾಲಂ ಇಲ್ಲಲ್ಲ ಯವ್ವಾ. ಫೈರ್‌ನಾಗ ಇದ್ದವ್ರು ಹಿಂಗ ಅಂಜಿದ್ರ ಹೆಂಗ?”

ನನಗೆ ಮೈಯೆಲ್ಲ ಉರಿಯಿತು. ಬೆಂಕಿ ಆರಿಸುವ ಗಾಡಿಗೆ ಸರ್ವಿಸಿಂಗ್ ಇದೆ. ಪಂಪಿಗೆ, ಪೈಪಿಗೆ, ಕೊನೆಗೆ ಏಣಿಗೂ ತಪಾಸಣೆ ಇದೆ. ಆ ಏಣಿ ಹತ್ತುವವನಿಗೆ? ಪೊಲೀಸರು, ಆಂಬುಲೆನ್ಸ್‌ನವರು, ಗಡಿಯಿಂದ ರಜೆಗೆ ಬರುವ ಸೈನಿಕರು ಮನೆಯೊಳಗೆ ಹೇಗಿದ್ದಾರೆ ಎಂದು ನಾವು ಯಾವತ್ತಾದರೂ ಕೇಳಿದ್ದೇವೆಯೇ? ಅವರ ಹೆಂಡಂದಿರನ್ನು? ಮಕ್ಕಳನ್ನು? ಯೋಜನೆಗಳು ಎಲ್ಲೋ ಕಾಗದದ ಮೇಲೆ ಇರಬಹುದು. ಇದ್ದರೆ ಹುಲಿಗೆಮ್ಮನಿಗೆ ಬಂದು ಹೇಳಬೇಕಾದವರು ಯಾರು?

ಅವರಿವರನ್ನು ಕೇಳಿ ಕೊನೆಗೆ ಲಿಂಗಸುಗೂರಿನಲ್ಲಿ ಒಬ್ಬ ಮನೋವೈದ್ಯೆಯನ್ನು ಹುಡುಕಿದೆವು. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೌನೇಶನ ಮಾತನ್ನು ಒಂದು ಗಂಟೆ ಕೇಳಿದರು. ಆಮೇಲೆ ಹುಲಿಗೆಮ್ಮನ ಕಡೆ ತಿರುಗಿ, “ನೀವು ಹೆಂಗದೀರಿ? ಸರಿಯಾಗಿ ಉಣ್ತೀರಿಲ್ಲೋ?” ಅಂದರು. ಮೈಕ್ ಕಿತ್ತುಕೊಂಡ ಆ ಗಟ್ಟಿಗಿತ್ತಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟಳು. “ಇಷ್ಟ ದಿನದಾಗ ನನ್ನ ಯಾರೂ ಇದನ್ನ ಕೇಳಿಲ್ರಿ.”

ಈಗ ವಾರಕ್ಕೊಮ್ಮೆ ಇಬ್ಬರೂ ಹೋಗುತ್ತಾರೆ. ಮೌನೇಶನ ನಡುಕ ಕಡಿಮೆಯಾಗಿದೆ. ಬಸ್ಸು ಕಾಲುವೆ ದಾಟುವಾಗ ಮಾತ್ರ ಇನ್ನೂ ಕಣ್ಣು ಮುಚ್ಚಿಕೊಳ್ಳುತ್ತಾನೆ. ಸ್ವಲ್ಪ ದಿನ ಠಾಣೆಯ ಫೋನಿನ ಹತ್ತಿರ ಕೂರಿಸಿ ಎಂದು ವೈದ್ಯೆ ಪತ್ರ ಬರೆದುಕೊಟ್ಟರು. ಕಚೇರಿ ಒಪ್ಪಿತು. ಒಳ್ಳೆಯದೇ ಆಯಿತು ಅಂದುಕೊಂಡೆ.

ಮೊನ್ನೆ ಅಲ್ಲಿನ ಸಾಹೇಬರು ಮೌನೇಶನನ್ನು ಒಳಗೆ ಕರೆದರಂತೆ. “ಇಂಥಾ ಚೀಟಿ ಫೈಲಿನಾಗ ಕುಂತ್ರ ಮುಂದ ಪ್ರಮೋಷನ್‌ಗೆ ತೊಂದ್ರಿ ಆಗ್ತದ. ವಾಪಸ್ ತಗೋ. ವಿಚಾರ ಮಾಡು.”

ಸಾಹೇಬರೇ, ನಾಳೆ ನಿಮ್ಮ ಮನೆಗೆ ಬೆಂಕಿ ಬಿದ್ದರೆ, ಬಂದ ಫೈರ್‌ಮನ್ ಬಾಗಿಲಲ್ಲಿ ನಿಂತು ವಿಚಾರ ಮಾಡಿದರೆ ನಡೆದೀತೇ?